ಕೋನಪ್ಪನ ಅಗ್ರಹಾರದಲ್ಲಿ ಮನೆ, ಎರಡು ಚಿಕ್ಕ ಮಕ್ಕಳು: ಭಾನುವಾರ ಎಲ್ಲಿಗೆ ಹೋಗುವುದು?

ಬೆಟಗೇರಿಯವಳು
ಭಾನುವಾರ, ಮಧ್ಯಾಹ್ನ 1.40

ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿಯುವ ಮೊದಲೇ ಮನೆಗೆ ಬಂದೆವು. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಚಿಕ್ಕವನು ಈಗಷ್ಟೇ ಮಲಗಿದ್ದಾನೆ. ಅವನು ಏಳುವಷ್ಟರಲ್ಲಿ ಮುಗಿಸಬೇಕು.

ನಾನು ಗದಗ-ಬೆಟಗೇರಿಯವಳು. ಮುತ್ತಜ್ಜನ ಕಾಲದಿಂದ ನಮ್ಮದು ಬಾಸೆಲ್ ಮಿಶನ್ ಮನೆತನ, ಈಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಯಜಮಾನರು ಕೋಲಾರದ ಮೆಥೋಡಿಸ್ಟ್ ಸಭೆಯಲ್ಲಿ ಬೆಳೆದವರು. ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಮೊನ್ನೆಯವರೆಗೆ ಯಲಹಂಕದಲ್ಲಿದ್ದೆವು, ಅಲ್ಲಿಯ ಒಂದು ಚಿಕ್ಕ ಸಭೆಗೆ ಒಗ್ಗಿಕೊಂಡಿದ್ದೆವು. ಕೆಲಸದ ದೆಸೆಯಿಂದ ಈಗ ಕೋನಪ್ಪನ ಅಗ್ರಹಾರಕ್ಕೆ ಬಂದಿದ್ದೇವೆ. ಅದು ಬೆಂಗಳೂರಿನ ಆ ತುದಿ, ಇದು ಈ ತುದಿ. ಎರಡು ಭಾನುವಾರ ಹಳೆಯ ಸಭೆಗೇ ಹೋಗಿ ಬಂದೆವು. ಎರಡನೆಯ ಸಲ ಹಿಂತಿರುಗುವಾಗ ಮಗ ಕಾರಿನಲ್ಲಿ ವಾಂತಿ ಮಾಡಿಕೊಂಡ. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಮೂರು ಕಡೆ ನೋಡಿದ್ದೇವೆ.

ಮೊದಲನೆಯದು ದೊಡ್ಡ ಇಂಗ್ಲಿಷ್ ಸಭೆ, ಯಾವ ಪಂಗಡಕ್ಕೂ ಸೇರಿದ್ದಲ್ಲ. ವೇದಿಕೆ, ದೀಪ, ಗಿಟಾರು, ಪರದೆಯ ಮೇಲೆ ಹಾಡಿನ ಸಾಲು. ಮಕ್ಕಳಿಗೆ ಬೇರೆಯೇ ಅಂತಸ್ತು. ಗೋಡೆಯ ತುಂಬ ನೋಹನ ನಾವೆಯ ಪ್ರಾಣಿಗಳು. ಮಗಳು ಹೊರಡಲು ಒಪ್ಪಲಿಲ್ಲ. ನಾಲ್ಕು ವಾರ ಹೋದೆವು, ನಾಲ್ಕು ವಾರವೂ ಬಾಗಿಲಲ್ಲಿದ್ದ ಹುಡುಗರು ನಮ್ಮನ್ನು ಮೊದಲ ಸಲ ಬಂದವರೆಂದೇ ಸ್ವಾಗತಿಸಿದರು. ಊರಿನಿಂದ ಅವ್ವ ಫೋನ್ ಮಾಡಿ ಮೊಮ್ಮಗಳಿಗೆ ಕರ್ತನ ಪ್ರಾರ್ಥನೆ ಹೇಳು ಎಂದರೆ ಅವಳು ನನ್ನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಪೂರ್ತಿ ಬರುತ್ತದೆ, ಕನ್ನಡದಲ್ಲಿ ಎರಡು ಸಾಲು.

ಎರಡನೆಯದು ಅಂಗಡಿಗಳ ಮೇಲಿನ ಎರಡನೇ ಮಹಡಿಯಲ್ಲಿ ನಡೆಯುವ ಕನ್ನಡ ಪ್ರಾರ್ಥನಾಲಯ. ಜನ ಬಹಳ ಪ್ರೀತಿಯವರು, ಊಟ ಮಾಡಿಸದೆ ಕಳುಹಿಸಲಿಲ್ಲ. ಆದರೆ ಮೂರು ಗಂಟೆಯ ಆರಾಧನೆ, ಕಿವಿಯ ಪಕ್ಕದಲ್ಲೇ ಧ್ವನಿವರ್ಧಕ. ಎರಡನೇ ವಾರ ಪಾಸ್ಟರ್ ಪಕ್ಕಕ್ಕೆ ಕರೆದು, ಹಸುಗೂಸಾಗಿದ್ದಾಗ ನಮಗಾದದ್ದು ದೀಕ್ಷಾಸ್ನಾನವೇ (ಬ್ಯಾಪ್ಟಿಸಂ) ಅಲ್ಲ, ಇಬ್ಬರೂ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಎಂದರು.

ಮೂರನೆಯದು ಇವತ್ತಿನದು. ಹಳೆಯ ಕ್ರಮದ ಸಭೆ, ಇಂಗ್ಲಿಷ್ ಆರಾಧನೆ, ತಿಂಗಳಿಗೊಮ್ಮೆ ಕನ್ನಡ. ಮನೆಯಿಂದ ಹದಿನೈದು ನಿಮಿಷ. ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಆರಂಭವಾಗುತ್ತಲೇ ಮಗ ಅತ್ತ. ಹಿರಿಯರೊಬ್ಬರು ಬಂದು ಬಾಯಿ ಬಿಡದೆ ಬಾಗಿಲ ಕಡೆ ಬೆರಳು ತೋರಿಸಿದರು. ಚಪ್ಪಲಿ ಬಿಡುವ ಜಾಗದಲ್ಲಿ, ಬಿಸಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತು ಉಳಿದ ಪ್ರಸಂಗವನ್ನು ಕೇಳಿದೆ. ಅತಿಥಿ ಸತ್ಕಾರದ ಮೇಲಿತ್ತು.

ನೀವೆಲ್ಲ ಮೊದಲು ಏನನ್ನು ನೋಡುತ್ತೀರಿ? ಭಾಷೆಯೋ, ದೂರವೋ, ಮಕ್ಕಳ ತರಗತಿಯೋ? ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ ಎಂಬುದು ಗೊತ್ತಾಗಿದೆ. ಯಾವುದನ್ನು ಬಿಟ್ಟುಕೊಟ್ಟರೆ ಮುಂದೆ ಹಳಹಳಿಸುವುದಿಲ್ಲ, ಅದನ್ನು ಹೇಳಿ.


ಹಡ್ಸನ್ ಸರ್ಕಲ್ ಹಳಬ
ಭಾನುವಾರ, ಸಂಜೆ 5.05

ತಂಗಿ, ಭಾಷೆಯನ್ನು ಮಾತ್ರ ಬಿಟ್ಟುಕೊಡಬೇಡ. ಮಿಕ್ಕದ್ದು ಹೊಂದಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ ಎರಡು ಚರಿತ್ರೆಗಳು ಸೇರಿವೆ, ಅದು ನಿನಗೆ ಗೊತ್ತಿರಲಿ. ನಿನ್ನ ಕಡೆಯದು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್. ಕಿಟೆಲ್ ಆ ಮಿಶನ್ನಿನವರೇ, 1894ರ ನಿಘಂಟು ಅಲ್ಲಿಂದಲೇ ಬಂತು. ನಿನ್ನ ಯಜಮಾನರದು ಅಮೆರಿಕದ ಮೆಥೋಡಿಸ್ಟರು ಕಟ್ಟಿದ ಸಭೆ. ಬೆಂಗಳೂರು, ಮೈಸೂರಿನಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮೆಥೋಡಿಸ್ಟರು ಬೇರೆ, ಅವರು ಇಂಗ್ಲೆಂಡಿನವರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್‌ಐ ಆದಾಗ ಈ ವೆಸ್ಲಿಯನ್ನರು ಒಳಗೆ ಬಂದರು, ಅಮೆರಿಕದ ಕಡೆಯವರು ಹೊರಗೇ ಉಳಿದರು. ಕೋಲಾರ, ಬೀದರ್ ಕಡೆ ಇವತ್ತಿಗೂ ಮೆಥೋಡಿಸ್ಟ್ ಎಂಬ ಹೆಸರು ಉಳಿದಿರುವುದು ಅದರಿಂದ. ಇಷ್ಟೆಲ್ಲ ದೇಶಗಳಿಂದ ಬಂದವರು ಒಂದು ವಿಷಯದಲ್ಲಿ ಒಂದಾಗಿದ್ದರು: ಈ ಜನರಿಗೆ ಕನ್ನಡದಲ್ಲಿ ಹೇಳದಿದ್ದರೆ ಏನನ್ನೂ ಹೇಳಿದಂತಾಗುವುದಿಲ್ಲ. ಈಗ ಕನ್ನಡದವರೇ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ ಕಲಿಸುತ್ತಿದ್ದಾರೆ.

ಬೆಂಗಳೂರಿನ ನಡುಮಧ್ಯದಲ್ಲಿ ಎರಡು ಹಳೆಯ ಕನ್ನಡ ಸಭೆಗಳಿವೆ. ಒಂದು ಕಾರ್ಪೊರೇಷನ್ ಎದುರಿನ ಹಡ್ಸನ್ ಸ್ಮಾರಕ ದೇವಾಲಯ, 1904ರ ಕಟ್ಟಡ. ಇನ್ನೊಂದು ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ, ಶಾಸನಗಳ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ಹೋಲ್ಟ್ ರೈಸ್ ಅವರ ಹೆಸರಿನದು. ಪುಸ್ತಕದಂಗಡಿಗಳ ನಡುವೆ ಇರುವುದರಿಂದ ಎಷ್ಟೋ ಜನ ಪಕ್ಕದಲ್ಲೇ ಹಾದುಹೋದರೂ ನೋಡಿರುವುದಿಲ್ಲ.

ದೂರ ಎನ್ನಬೇಡ. 2025ರ ಆಗಸ್ಟ್‌ನಿಂದ ನಿಮ್ಮ ಕಡೆಗೆ ಹಳದಿ ಮಾರ್ಗದ ಮೆಟ್ರೊ ಬಂದಿದೆ. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಕೆ.ಆರ್. ಮಾರುಕಟ್ಟೆ ನಿಲ್ದಾಣ. ಅಲ್ಲಿಂದ ಆಟೊ. ಮೆಟ್ರೊದಲ್ಲಿ ಯಾವ ಮಗುವಿಗೂ ವಾಂತಿಯಾದದ್ದನ್ನು ನಾನು ಕಂಡಿಲ್ಲ. ಭಾನುವಾರ ಮೊದಲ ರೈಲು ತಡವಾಗಿ ಹೊರಡುತ್ತದೆ, ಅದನ್ನು ನೋಡಿಕೊಂಡು ಆರಾಧನೆಯ ವೇಳೆ ಆರಿಸಿಕೋ.

ಇನ್ನೊಂದು ಮಾತು, ಹರೆಯದವರಿಗೆ ರುಚಿಸುವುದಿಲ್ಲ, ಆದರೂ ಹೇಳುತ್ತೇನೆ. ಸಭೆಯ ಪಟ್ಟಿಯಲ್ಲಿ ಹೆಸರಿರುವುದು ಹಾಡಲಿಕ್ಕಷ್ಟೇ ಅಲ್ಲ, ಹೊಸೂರು ರಸ್ತೆಯ ಸ್ಮಶಾನದಲ್ಲಿ ಜಾಗ ಕೇಳಲಿಕ್ಕೂ. ಸ್ವತಂತ್ರ ಸಭೆಗಳಿಗೆ ಹೋದ ನನ್ನ ಗೆಳೆಯರಿಬ್ಬರ ಮನೆಯವರು ಆ ಹೊತ್ತಿನಲ್ಲಿ ಊರೆಲ್ಲ ಫೋನ್ ಮಾಡಿದ್ದನ್ನು ನೋಡಿದ್ದೇನೆ.


ಮೊಂತಿ ಹಬ್ಬ
ಭಾನುವಾರ, ರಾತ್ರಿ 9.30

ಹಳಬರೇ, ಐದು ವರ್ಷದ ಮಗುವಿಗೆ ಸಭೆ ಹುಡುಕಲು ಬಂದವರಿಗೆ ಸ್ಮಶಾನ ತೋರಿಸಿದಿರಲ್ಲ!

ನಾನು ಕಥೋಲಿಕಳು, ಮಂಗಳೂರಿನವಳು. ನಮ್ಮಲ್ಲಿ ಈ ಹುಡುಕಾಟವೇ ಇಲ್ಲ ಎಂದುಕೊಂಡಿದ್ದೆ. ಮನೆ ಎಲ್ಲಿದೆಯೋ ಅಲ್ಲಿಯ ಧರ್ಮಕೇಂದ್ರವೇ ನಮ್ಮದು, ಆರಿಸುವ ಮಾತಿಲ್ಲ. ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು, ಧರ್ಮಕೇಂದ್ರ ಒಂದೇ ಆದರೂ ಅದರೊಳಗೆ ಮೂರು ನಾಲ್ಕು ಊರುಗಳಿರುತ್ತವೆ. ಏಳು ಗಂಟೆಯ ಕನ್ನಡ ಪೂಜೆಗೆ ಬರುವವರು ಒಂಬತ್ತರ ಇಂಗ್ಲಿಷ್ ಪೂಜೆಯವರ ಮುಖ ನೋಡಿರುವುದಿಲ್ಲ, ಅವರಿಬ್ಬರೂ ತಮಿಳು ಪೂಜೆಯವರನ್ನು ನೋಡಿರುವುದಿಲ್ಲ. ಮನೆಯಲ್ಲಿ ನಮ್ಮದು ಕೊಂಕಣಿ. ಕೊಂಕಣಿ ಪೂಜೆ ತಿಂಗಳಿಗೊಮ್ಮೆ, ಅದೂ ಬೇರೆ ಇಗರ್ಜಿಯಲ್ಲಿ. ಮಗನ ಧರ್ಮೋಪದೇಶದ ತರಗತಿ ಇಂಗ್ಲಿಷ್ ಪೂಜೆಯ ನಂತರ ನಡೆಯುತ್ತದೆ. ಹಾಗಾಗಿ ನಾವು ಇಂಗ್ಲಿಷಿನವರಾದೆವು. ಭಾಷೆಯನ್ನು ನಾವು ಆರಿಸಲಿಲ್ಲ, ವೇಳಾಪಟ್ಟಿ ಆರಿಸಿತು.

ನನ್ನ ಕೊರಗು ಬೇರೆ. ಸೆಪ್ಟೆಂಬರ್ 8ರಂದು ಊರಿನಲ್ಲಿ ತೆನೆ ಹಬ್ಬ. ಮಕ್ಕಳೆಲ್ಲ ಒಂಬತ್ತು ದಿನ ಬುಟ್ಟಿಯಲ್ಲಿ ಹೂವು ತಂದು ಮಾತೆ ಮರಿಯಳಿಗೆ ಹಾಕುವುದು, ಕೊನೆಯ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅಕ್ಕಿಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುವುದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಅದೇ ದಿನ ದೊಡ್ಡ ಜಾತ್ರೆ. ಆದರೆ ನನ್ನ ಮಗನಿಗೆ ಆ ದಿನ ಎಂದರೆ ಜನಜಂಗುಳಿ, ಅಷ್ಟೇ. ತೆನೆ ಸುಲಿಯುವುದು ಅವನಿಗೆ ಗೊತ್ತಿಲ್ಲ. ಕಳೆದ ವರ್ಷ ನಮ್ಮ ವಾರ್ಡಿನ ಐದಾರು ಮನೆಯವರು ಸೇರಿ ಒಂದು ಮನೆಯ ಟೆರೇಸಿನಲ್ಲಿ ಮಾಡಿದೆವು. ಫಾದರ್ ಬಂದು ಆಶೀರ್ವಾದ ಮಾಡಿ ಹೋದರು.

ಅಂದರೆ ನಾನು ಹೇಳುವುದೇನೆಂದರೆ, ಭಾನುವಾರದ ಆರಾಧನೆಯ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಕನ್ನಡದ ಹಾಡು ಮನೆಯಲ್ಲೂ ಆಗಬಹುದು.

ಅಂದ ಹಾಗೆ, ಮಗು ಅಳುವುದಕ್ಕೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅರ್ಧ ಇಗರ್ಜಿ ಅಳುತ್ತಿರುತ್ತದೆ.


ಎರಡನೇ ಮಹಡಿ
ಸೋಮವಾರ, ಬೆಳಗ್ಗೆ 6.15

ಅಕ್ಕ, ಅಂಗಡಿಯ ಮೇಲಿನ ಸಭೆ ಎಂದು ಬರೆದಿರಿ. ನಾನು ಅಂಥದೇ ಒಂದರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಹಾಗಾಗಿ ನಾಲ್ಕು ಮಾತು.

ನಮ್ಮ ಅಪ್ಪ ಕುಡಿಯುತ್ತಿದ್ದರು. ಕಲ್ಲಿನ ಗೋಡೆಯ ಸಭೆಯಲ್ಲಿ ನಮ್ಮ ಹೆಸರು ಇತ್ತು, ಚಂದಾ ಬಾಕಿಯೂ ಇತ್ತು. ಬಾಕಿಯ ಚೀಟಿ ಮನೆಗೆ ಬಂತು, ಮನುಷ್ಯರು ಬರಲಿಲ್ಲ. ಎರಡನೇ ಮಹಡಿಯವರು ಬಂದರು. ರಾತ್ರಿ ಹನ್ನೊಂದಕ್ಕೆ ಕರೆದರೂ ಬಂದರು. ಮೂರು ಗಂಟೆಯ ಆರಾಧನೆ ನಿಮಗೆ ಉದ್ದ ಎನಿಸಿತು. ವಾರವಿಡೀ ಮನೆಗೆಲಸ ಮಾಡುವ ನಮ್ಮ ಅಮ್ಮಂದಿರಿಗೆ ಅದೊಂದೇ ಕುಳಿತುಕೊಳ್ಳುವ ಹೊತ್ತು.

ದೀಕ್ಷಾಸ್ನಾನದ ವಿಷಯ ನಮ್ಮ ನಂಬಿಕೆ. ತಿಳಿದು, ಒಪ್ಪಿ, ಮುಳುಗಿ ತೆಗೆದುಕೊಳ್ಳಬೇಕು ಎನ್ನುತ್ತೇವೆ. ಅದನ್ನು ಬಚ್ಚಿಟ್ಟು ಆರು ತಿಂಗಳ ನಂತರ ಹೇಳುವುದಕ್ಕಿಂತ ಎರಡನೇ ವಾರವೇ ಹೇಳಿದ್ದು ಒಳ್ಳೆಯದಲ್ಲವೇ? ಆದರೆ ಸ್ಪೀಕರ್ ವಿಷಯ ನೀವು ಹೇಳಿದ್ದು ಸರಿ. ನಮ್ಮಲ್ಲೂ ಅದೇ ಜಗಳ.

ಒಂದು ಎಚ್ಚರಿಕೆಯನ್ನು ನಾನೇ ಹೇಳುತ್ತೇನೆ. ಸ್ವತಂತ್ರ ಸಭೆಗೆ ಸೇರುವವರು ಎರಡು ವಿಷಯ ಕೇಳಿಕೊಳ್ಳಿ. ಲೆಕ್ಕ ಯಾರು ನೋಡುತ್ತಾರೆ? ಟ್ರಸ್ಟ್ ಇದೆಯೇ, ಅದರಲ್ಲಿ ಪಾಸ್ಟರರ ಮನೆಯವರ ಹೊರತು ಬೇರೆ ಯಾರಾದರೂ ಇದ್ದಾರೆಯೇ? ಎರಡನೆಯದು, ಮದುವೆ ಮಾಡಿಸಲು ಪಾಸ್ಟರರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಪರವಾನಗಿ ಇದೆಯೇ? ನಮ್ಮ ಪಾಸ್ಟರರಿಗೆ ಇರಲಿಲ್ಲ. ನನ್ನ ಮದುವೆಯನ್ನು ನೋಂದಣಿ ಮಾಡಿಸಲು ಪಾಸ್‌ಪೋರ್ಟ್ ಹೊತ್ತಿನಲ್ಲಿ ಬಹಳ ಓಡಾಡಿದೆ.


ಬೆಟಗೇರಿಯವಳು
ಸೋಮವಾರ, ಬೆಳಗ್ಗೆ 10.20

@ಎರಡನೇ ಮಹಡಿ, ಕ್ಷಮಿಸಿ. ನಿಮ್ಮ ಮಾತು ಓದಿ ನಾಚಿಕೆಯಾಯಿತು. ಅಲ್ಲಿ ಬಡಿಸಿದ ಅಮ್ಮ ನನ್ನ ಮಗನನ್ನು ಎತ್ತಿಕೊಂಡು ನನ್ನ ಕೈಗೆ ತಟ್ಟೆ ಕೊಟ್ಟಿದ್ದರು. ಆ ತಿಂಗಳಲ್ಲಿ ನಾನು ಬಿಸಿ ಅನ್ನ ಉಂಡದ್ದು ಅದೊಂದೇ ಸಲ. ಆದರೂ ನನ್ನ ಅಪ್ಪ ಅವ್ವ ನನ್ನನ್ನು ಎತ್ತಿಕೊಂಡು ಮಾಡಿಸಿದ ದೀಕ್ಷಾಸ್ನಾನ ಆಗಲೇ ಇಲ್ಲ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ.

@ಹಡ್ಸನ್ ಸರ್ಕಲ್ ಹಳಬ, ಅಣ್ಣ, ಮೆಟ್ರೊ ದಾರಿ ಬರೆದುಕೊಂಡೆ. ನಮ್ಮೂರಿನಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಕೀರ್ತನೆ ಹಾಡುತ್ತಿದ್ದೆವು, ನಿಧಾನವಾಗಿ, ಅರ್ಧ ಸಭೆ ಮುಂದೆ, ಅರ್ಧ ಹಿಂದೆ. ಅದನ್ನೇ ಹುಡುಕುತ್ತಿದ್ದೇನೋ ಏನೋ.


ಸಂಡೇ ಸ್ಕೂಲ್ ಟೀಚರ್
ಸೋಮವಾರ, ಮಧ್ಯಾಹ್ನ 3.00

ಎಲ್ಲರೂ ದೊಡ್ಡವರ ಸಭೆಯ ಬಗ್ಗೆ ಮಾತನಾಡಿದಿರಿ. ನಾನು ಇಪ್ಪತ್ತೆರಡು ವರ್ಷದಿಂದ ಚಿಕ್ಕವರ ತರಗತಿಯಲ್ಲಿದ್ದೇನೆ, ನನಗೆ ಕಾಣುವುದು ಅದು.

ಚೆಂದದ ಗೋಡೆ ನೋಡಿ ಮರುಳಾಗಬೇಡಿ, ಗೋಡೆ ಸುಣ್ಣ ಕಂಡಿಲ್ಲವೆಂದು ಬಿಟ್ಟುಬಿಡಲೂ ಬೇಡಿ. ಒಂದು ಭಾನುವಾರ ಮಗಳ ತರಗತಿಯಲ್ಲಿ ಹಿಂದೆ ಕುಳಿತುಕೊಳ್ಳುತ್ತೇನೆ ಎಂದು ಕೇಳಿ. ಬೇಡ ಎಂದರೆ ಆ ಸಭೆ ಬೇಡ. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಬಾಗಿಲು ಹಾಕಿಕೊಂಡು ಇರುತ್ತಾರೆಯೇ, ಶೌಚಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ, ತರಗತಿ ಬಿಟ್ಟಾಗ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಇವನ್ನೆಲ್ಲ ನೋಡಿ. 2012ರಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಬಂದ ಮೇಲೂ ಅನೇಕ ಸಭೆಗಳಲ್ಲಿ ಈ ಮಾತೆತ್ತಿದರೆ, ನಮ್ಮವರೇ ಅಲ್ಲವೇ ಎನ್ನುತ್ತಾರೆ. ನಮ್ಮವರೇ ಇರುವ ಕಡೆ ನಿಯಮ ಇನ್ನೂ ಬಿಗಿಯಾಗಿರಬೇಕು ಎಂಬುದು ನನ್ನ ಹಟ. ಇದರಿಂದ ನನಗೆ ಸಭೆಯಲ್ಲಿ ಒಳ್ಳೆಯ ಹೆಸರೇನೂ ಇಲ್ಲ.

ಕನ್ನಡದ ವಿಷಯ. ನನ್ನ ತರಗತಿಯ ಹನ್ನೊಂದು ಮಕ್ಕಳಲ್ಲಿ ಕನ್ನಡ ಸರಾಗವಾಗಿ ಓದುವವರು ಇಬ್ಬರು. ಬಾಯಿಪಾಠದ ವಚನವನ್ನು ನಾನು ಕನ್ನಡ ಅಕ್ಷರದಲ್ಲೇ ಹಲಗೆಯ ಮೇಲೆ ಬರೆಯುತ್ತೇನೆ. ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಮೊದಮೊದಲು ಗದರಿಸುತ್ತಿದ್ದೆ. ಈಗ ಇಲ್ಲ. ಬಾಯಿಯಲ್ಲಿ ಕನ್ನಡ ಕುಳಿತರೆ ಕಣ್ಣಿಗೆ ಆಮೇಲೆ ಬರುತ್ತದೆ. ಹಳಬರು ಹೇಳಿದಷ್ಟು ಸುಲಭವಲ್ಲ, ನೀವು ಹೆದರಿದಷ್ಟು ಕಷ್ಟವೂ ಅಲ್ಲ.

ನನ್ನ ಸಲಹೆ ಒಂದೇ. ಏಪ್ರಿಲ್-ಮೇ ರಜೆಯಲ್ಲಿ ಬಹಳಷ್ಟು ಸಭೆಗಳಲ್ಲಿ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ನಡೆಯುತ್ತದೆ, ಹೆಚ್ಚು ಕಡಿಮೆ ಒಂದು ವಾರ ಹತ್ತು ದಿನ. ಸದಸ್ಯರಲ್ಲದವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಯಾವ ಸಭೆ ಎಂದು ನೀವು ತೀರ್ಮಾನಿಸುವ ಮೊದಲು ಮಗಳನ್ನು ಅಲ್ಲಿಗೆ ಕಳುಹಿಸಿ. ಭಾನುವಾರ ಒಂದು ಗಂಟೆಯಲ್ಲಿ ಯಾವ ಮಗುವಿಗೂ ಗೆಳತಿ ಸಿಗುವುದಿಲ್ಲ. ಹತ್ತು ದಿನ ಒಟ್ಟಿಗೆ ಕಾಗದ ಕತ್ತರಿಸಿ ಅಂಟು ಮೆತ್ತಿಕೊಂಡರೆ ಸಿಗುತ್ತಾಳೆ. ಗೆಳತಿ ಸಿಕ್ಕಳು ಎಂದರೆ ಆಮೇಲೆ ನೀವು ಹುಡುಕಬೇಕಾಗಿಲ್ಲ, ಅವಳೇ ಎಳೆದುಕೊಂಡು ಹೋಗುತ್ತಾಳೆ.


ಬೀದರಿನವನು
ಸೋಮವಾರ, ರಾತ್ರಿ 11.10

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಬೇಕಾದರೆ ತೆಗೆದುಹಾಕಿ.

ನಾನೂ ಮೆಥೋಡಿಸ್ಟ್. ಬೀದರಿನಿಂದ ಬೆಂಗಳೂರಿಗೆ ಬಂದು ಮೂರು ಸಭೆ ಬದಲಾಯಿಸಿದ್ದೇನೆ. ಆರಾಧನೆ ಮುಗಿದು ಚಹಾ ಕೈಗೆ ಬರುತ್ತಲೇ ಪ್ರಶ್ನೆ ಬರುತ್ತದೆ: ಯಾವ ಊರು? ಊರು ಹೇಳಿದರೆ, ಊರಿನಲ್ಲಿ ಯಾವ ಕಡೆ? ಅದನ್ನೂ ಹೇಳಿದರೆ, ಯಾರ ಪೈಕಿ? ಕ್ರಿಸ್ತನಲ್ಲಿ ಎಲ್ಲರೂ ಒಂದು ಎಂಬ ಪ್ರಸಂಗ ಕೇಳಿ ಐದು ನಿಮಿಷವೂ ಆಗಿರುವುದಿಲ್ಲ. ನನ್ನ ಉತ್ತರ ಕೇಳಿದ ಮೇಲೆ ಒಬ್ಬರ ಮುಖದಲ್ಲಿ ನಗು ಹಾಗೆಯೇ ಇತ್ತು, ಆದರೆ ಮುಂದಿನ ವಾರ ಅವರ ಬೆಂಚಿನಲ್ಲಿ ನಮಗೆ ಜಾಗವಿರಲಿಲ್ಲ. ಮತ್ತೊಂದು ಕಡೆ ಸಮಿತಿಯ ಚುನಾವಣೆಯ ಹೊತ್ತಿಗೆ ಯಾರ ಪೈಕಿ ಎಂಬುದೇ ಮತದ ಪಟ್ಟಿಯಾಯಿತು.

ಇಂಗ್ಲಿಷಿನ ದೊಡ್ಡ ಸಭೆಯಲ್ಲಿ ಯಾರೂ ಹೆಸರು ಕೇಳಲಿಲ್ಲ ಎಂದು ಅಕ್ಕ ಬೇಸರ ಪಟ್ಟರು. ನಾನು ಅಂಥ ಕಡೆ ಎರಡು ವರ್ಷ ನೆಮ್ಮದಿಯಾಗಿದ್ದೆ, ಯಾರೂ ಏನೂ ಕೇಳುವುದಿಲ್ಲ ಎಂಬ ಕಾರಣಕ್ಕೆ. ನನ್ನ ಮಗನಿಗೆ ಆ ಪ್ರಶ್ನೆ ಬಾರದ ಸಭೆ ಬೇಕಿತ್ತು. ಕನ್ನಡವೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗಲು ಆರು ವರ್ಷ ಬೇಕಾಯಿತು. ಈಗಿರುವ ಸಭೆ ಚಿಕ್ಕದು, ನಲವತ್ತು ಮನೆ. ಅಲ್ಲಿಯೂ ಒಬ್ಬರು ಕೇಳಿದರು. ಪಕ್ಕದಲ್ಲಿದ್ದ ಅಜ್ಜಿ, ಅವನು ನಮ್ಮ ಹಾಡಿನ ತಂಡದವನು ಎಂದು ಉತ್ತರ ಕೊಟ್ಟು ಬಾಯಿ ಮುಚ್ಚಿಸಿದರು.


ಹಡ್ಸನ್ ಸರ್ಕಲ್ ಹಳಬ
ಮಂಗಳವಾರ, ಬೆಳಗ್ಗೆ 7.00

ತಮ್ಮ, ತೆಗೆದುಹಾಕುವುದು ಯಾಕೆ? ಇರಲಿ. ನಾನೂ ಆ ಪ್ರಶ್ನೆ ಕೇಳಿದ್ದೇನೆ. ಪರಿಚಯಕ್ಕೆ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ.


ದುಬೈ ಕನ್ನಡಿಗ
ಮಂಗಳವಾರ, ಮಧ್ಯಾಹ್ನ 12.45

ನಮ್ಮ ಪಾಡು ಕೇಳಿ. ಇಲ್ಲಿ ಊದ್ ಮೇಥಾದಲ್ಲಿ ಒಂದೇ ಆವರಣ, ಅದರೊಳಗೆ ಒಂದೊಂದು ಕೋಣೆಯಲ್ಲಿ ಒಂದೊಂದು ಗಂಟೆಗೆ ಒಂದೊಂದು ಭಾಷೆ. ನಮ್ಮ ಹಾಡು ಮುಗಿಯುವ ಮೊದಲೇ ಮುಂದಿನವರು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ಬಹಳ ವರ್ಷ ನಮಗೆ ಶುಕ್ರವಾರವೇ ಭಾನುವಾರವಾಗಿತ್ತು. 2022ರ ಜನವರಿಯಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬದಲಾದಾಗ ನನ್ನ ಮಗಳು, ಇನ್ನು ಮೇಲೆ ಸಂಡೇ ಸ್ಕೂಲ್ ನಿಜವಾಗಿಯೂ ಸಂಡೇ ಇರುತ್ತದೆಯೇ ಎಂದು ಕೇಳಿದಳು.

ಕನ್ನಡದ ಕುಟುಂಬಗಳು ಇಲ್ಲಿ ಕೈಬೆರಳೆಣಿಕೆಯಷ್ಟು. ಸಿಎಸ್‌ಐ, ಮೆಥೋಡಿಸ್ಟ್, ಪೆಂತೆಕೊಸ್ತು ಎಂದು ಬೇರೆ ಬೇರೆ ಕೂರುವಷ್ಟು ಜನರೇ ಇಲ್ಲ. ಜಗಳವಾಡಲು ಸಹ ಒಂದು ಸಂಖ್ಯೆ ಬೇಕು. ನಿಮಗೆ ಬೆಂಗಳೂರಿನಲ್ಲಿ ಆರಿಸಿಕೊಳ್ಳಲು ಸಿಗುತ್ತಿದೆಯಲ್ಲ, ಅದೇ ತಲೆನೋವಿಗೆ ಮೂಲ.


ಕೋಲಾರದ ಯಜಮಾನ
ಮಂಗಳವಾರ, ರಾತ್ರಿ 10.30

ಮೇಲೆ ಬರೆದಿರುವ ಬೆಟಗೇರಿಯವಳ ಗಂಡ ನಾನೇ. ಖಾತೆ ಈಗಷ್ಟೇ ತೆರೆದೆ. ನನ್ನ ಪಕ್ಷವನ್ನು ಯಾರೂ ಕೇಳಲಿಲ್ಲ.

ಮೊದಲನೆಯದಾಗಿ, ಮೂರನೇ ಸಭೆಯಿಂದ ಎದ್ದು ಬಂದದ್ದು ನಾವಲ್ಲ, ಇವಳು. ನಾನು ಕಾಣಿಕೆ ತಟ್ಟೆ ಬರುವವರೆಗೂ ಕುಳಿತಿದ್ದೆ. ಎರಡನೆಯದಾಗಿ, ಬೆರಳು ತೋರಿಸಿದವರು ತಪ್ಪು ಮಾಡಿದರು, ಒಪ್ಪುತ್ತೇನೆ. ಒಬ್ಬರ ಬೆರಳಿಗಾಗಿ ಹದಿನೈದು ನಿಮಿಷದ ದಾರಿಯ ಸಭೆಯನ್ನು ಬಿಡಲೇ? ಕೋಲಾರದಲ್ಲಿ ನಮ್ಮ ಸಭೆಯ ಹಿರಿಯರು ನನ್ನ ಕಿವಿ ಹಿಂಡಿ ಹೊರಗೆ ಕಳುಹಿಸಿದ್ದರು. ನಾವು ಹುಡುಗರು ಹೊರಗೆ ಹುಣಸೆಮರದ ಕೆಳಗೆ ಗೋಲಿ ಆಡುತ್ತಿದ್ದೆವು. ನನ್ನ ನಂಬಿಕೆಗೆ ಅದರಿಂದ ಊನವೇನೂ ಆಗಿಲ್ಲ. (ಇವಳು ಪಕ್ಕದಲ್ಲೇ ಓದುತ್ತಿದ್ದಾಳೆ. ಆಗಿದೆ ಎನ್ನುತ್ತಿದ್ದಾಳೆ.)

ಮೂರನೆಯದಾಗಿ, ವಾರಕ್ಕೆ ಆರು ದಿನ ಹೊಸೂರು ರಸ್ತೆಯಲ್ಲಿ ಸಾಯುವ ಮನುಷ್ಯನಿಗೆ ಏಳನೇ ದಿನವೂ ಪ್ರಯಾಣ ಮಾಡಿಸುವುದು ಯಾವ ಧರ್ಮ? ಸಭೆ ಹತ್ತಿರವಿದ್ದರೆ ಬುಧವಾರದ ಪ್ರಾರ್ಥನಾ ಕೂಟಕ್ಕೂ ಹೋಗಬಹುದು, ಮಗುವಿಗೆ ಜ್ವರ ಬಂದರೆ ಯಾರನ್ನಾದರೂ ಕರೆಯಬಹುದು. ದೂರದ ಸಭೆಯವರು ಜ್ವರ ಇಳಿದ ಮೇಲೆ ಬರುತ್ತಾರೆ.

ಬೀದರಿನ ಅಣ್ಣ, ನೀವು ಬರೆದದ್ದು ನಮಗೂ ಗೊತ್ತು. ನಮ್ಮ ಮದುವೆಯ ಮಾತುಕತೆಯಲ್ಲಿಯೇ ಅದು ಬಂದಿತ್ತು. ಇಬ್ಬರೂ ಕ್ರೈಸ್ತರು, ಇಬ್ಬರೂ ಕನ್ನಡದವರು, ಆದರೂ.


ಅಯ್ಯನವರ ಮನೆಯಿಂದ
ಬುಧವಾರ, ಮಧ್ಯಾಹ್ನ 2.20

ನನ್ನ ಯಜಮಾನರು ಸಭಾಪಾಲಕರು. ಹೆಸರು ಬೇಡ. ಈ ಮೂವತ್ತು ವರ್ಷದಲ್ಲಿ ಎಂಟು ಊರಿನ ಎಂಟು ಪಾದ್ರಿ ಮನೆಗಳಲ್ಲಿ ಅಡುಗೆ ಮಾಡಿದ್ದೇನೆ, ಆ ಅನುಭವದಿಂದ ಎರಡು ಮಾತು.

ಪಾದ್ರಿಯನ್ನು ನೋಡಿ ಸಭೆ ಆರಿಸಬೇಡಿ. ಸಿಎಸ್‌ಐ, ಮೆಥೋಡಿಸ್ಟ್ ಎರಡರಲ್ಲೂ ನಮಗೆ ವರ್ಗಾವಣೆ ಇರುತ್ತದೆ. ನಿಮಗೆ ಇಷ್ಟವಾದ ಪ್ರಸಂಗ ನಾಲ್ಕೈದು ವರ್ಷದಲ್ಲಿ ಲಾರಿ ಹತ್ತಿ ಬೇರೆ ಊರಿಗೆ ಹೋಗುತ್ತದೆ. ಉಳಿಯುವುದು ಬೆಂಚಿನ ಮೇಲಿನ ಜನ. ಅವರನ್ನು ನೋಡಿ.

ಬೆರಳು ತೋರಿಸಿದವರ ಬಗ್ಗೆ. ಪ್ರತಿ ಸಭೆಯಲ್ಲೂ ಅಂಥವರು ಒಬ್ಬರಿರುತ್ತಾರೆ. ಬಾಗಿಲು ತೆಗೆಯುವವರೂ, ಫ್ಯಾನು ಹಾಕುವವರೂ, ಕಾಣಿಕೆ ಎಣಿಸುವವರೂ ಬಹಳ ಸಲ ಅವರೇ. ಮುಂದಿನ ವಾರ ಎದುರಾದಾಗ ನೇರವಾಗಿ ಹೇಳಿ: ಹೊರಗೆ ಬಿಸಿಲಿತ್ತು, ಹಿಂದೆ ಒಂದು ಚಾಪೆಯಾದರೂ ಹಾಸಿದ್ದರೆ ಮಗುವನ್ನು ಕೂರಿಸಿಕೊಳ್ಳುತ್ತಿದ್ದೆ. ಸಭಾಪಾಲಕರಿಗೆ ದೂರು ಕೊಟ್ಟರೆ ಅದು ಸಮಿತಿಗೆ ಹೋಗುತ್ತದೆ. ಸಮಿತಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹಳೆಯ ಸಭೆಯಿಂದ ನಿಮ್ಮ ಸದಸ್ಯತ್ವದ ವರ್ಗಾವಣೆ ಪತ್ರ ತರಿಸಲು ಅವಸರ ಮಾಡಬೇಡಿ. ಒಂದು ಕ್ರಿಸ್‌ಮಸ್, ಈಸ್ಟರ್‌ಗೆ ಮುಂಚಿನ ಒಂದು ಲೆಂಟ್ ಕಾಲ ಕಳೆಯಲಿ. ಕ್ಯಾರಲ್ ಹಾಡಲು ನಿಮ್ಮ ಮನೆಗೆ ಬರುತ್ತಾರೋ ಇಲ್ಲವೋ ನೋಡಿ.


ಬೆಟಗೇರಿಯವಳು
ಮೂರು ತಿಂಗಳ ನಂತರ, ಭಾನುವಾರ ಸಂಜೆ

ಏನಾಯಿತು ಎಂದು ಇಬ್ಬರು ಮೂವರು ಕೇಳಿದ್ದೀರಿ, ಅದಕ್ಕೆ ಈ ಉತ್ತರ.

ವಿಬಿಎಸ್‌ಗೆ ಮಗಳನ್ನು ಮೂರನೇ ಸಭೆಗೇ ಕಳುಹಿಸಿದೆ. ನನಗೆ ಮನಸ್ಸಿರಲಿಲ್ಲ, ಹತ್ತಿರ ಎಂಬ ಒಂದೇ ಕಾರಣಕ್ಕೆ. ಟೀಚರ್, ನೀವು ಹೇಳಿದಂತೆ ಹಿಂದೆ ಕುಳಿತುಕೊಳ್ಳುತ್ತೇನೆ ಎಂದು ಕೇಳಿದೆ. ಕುಳಿತುಕೊಳ್ಳಿ ಎಂದವರು ಮಧ್ಯಾಹ್ನದ ಹೊತ್ತಿಗೆ ನನ್ನ ಕೈಗೆ ಕತ್ತರಿ ಕೊಟ್ಟು ಅರವತ್ತು ಕಾಗದದ ಕುರಿ ಕತ್ತರಿಸಲು ಹೇಳಿದರು. ಬಾಗಿಲು ತೆರೆದೇ ಇತ್ತು, ಇಬ್ಬರು ಟೀಚರು ಇದ್ದರು. ಮಗಳಿಗೆ ತಮಿಳು ಮನೆಯ ಒಬ್ಬ ಹುಡುಗಿ ಗೆಳತಿಯಾಗಿದ್ದಾಳೆ. ಇಬ್ಬರೂ ಮಾತನಾಡುವುದು ಕನ್ನಡದಲ್ಲಿ! ಇಂಗ್ಲಿಷ್ ಸಭೆಯ ಹಿತ್ತಲಿನಲ್ಲಿ. ಇದನ್ನು ಹಳಬರಿಗಾಗಿ ಬರೆಯುತ್ತಿದ್ದೇನೆ.

ಬೆರಳಿನ ಹಿರಿಯರಿಗೆ ನಾನೇ ಹೇಳಿದೆ, ಅಯ್ಯನವರ ಮನೆಯ ಅಮ್ಮನವರು ಬರೆದಂತೆಯೇ. ಅವರು ಕ್ಷಮೆ ಕೇಳಲಿಲ್ಲ. ಪ್ರಸಂಗದ ಹೊತ್ತಿನಲ್ಲಿ ಶಿಸ್ತು ಬೇಕಲ್ಲಮ್ಮ ಎಂದರು. ಆದರೆ ಎರಡು ವಾರದ ನಂತರ ಹಿಂದಿನ ಮೂಲೆಯಲ್ಲಿ ಫ್ಯಾನು ಬಂದಿದೆ. ಚಾಪೆ ಬಂದಿಲ್ಲ. ಸಮಿತಿಯ ಮುಂದಿದೆಯಂತೆ.

ತಿಂಗಳ ಮೊದಲ ಭಾನುವಾರ ಮಾತ್ರ ಮೆಟ್ರೊ ಹತ್ತಿ ಸಿಟಿಯ ಕನ್ನಡ ಸಭೆಗೆ ಹೋಗುತ್ತೇವೆ, ಪ್ರಭು ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ). ಮೊದಲ ಸಲ ಹೋದಾಗ ಎರಡನೇ ಕೀರ್ತನೆ ಬೆಟಗೇರಿಯ ರಾಗದ್ದೇ ಆಗಿತ್ತು. ನಾನು ಹಾಡಲಿಲ್ಲ, ಅಳುತ್ತಿದ್ದೆ. ಮಗ ಅಳಲಿಲ್ಲ. ಯಜಮಾನರು ಗೊಣಗುತ್ತಾರೆ, ಆದರೆ ಹಿಂದಿನ ರಾತ್ರಿ ರೈಲಿನ ವೇಳೆ ನೋಡಿ ಗಡಿಯಾರಕ್ಕೆ ಅಲಾರಂ ಇಡುವವರು ಅವರೇ.

ವರ್ಗಾವಣೆ ಪತ್ರ ಇನ್ನೂ ಕೇಳಿಲ್ಲ. ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ ಇವತ್ತು ಯಾವ ಗುಡಿ ಎಂದು ಚುಡಾಯಿಸುತ್ತಾರೆ. ಮಗಳಿಗೆ ಕರ್ತನ ಪ್ರಾರ್ಥನೆ ಈಗ ಐದನೇ ಸಾಲಿನವರೆಗೆ ಬರುತ್ತದೆ.


ಹಡ್ಸನ್ ಸರ್ಕಲ್ ಹಳಬ
ಅದೇ ದಿನ, ರಾತ್ರಿ 8.10

ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತಲ್ಲ ತಂಗಿ. ಚಂದಾ ಎಲ್ಲಿಗೆ ಕಟ್ಟುತ್ತೀಯ?


ಕೋಲಾರದ ಯಜಮಾನ
ಅದೇ ದಿನ, ರಾತ್ರಿ 8.25

ಎರಡೂ ಕಡೆ ಕಟ್ಟುತ್ತಿದ್ದೇನೆ, ಅಣ್ಣ. ದೋಣಿ ಅವಳದು, ಹುಟ್ಟು ಹಾಕುವವನು ನಾನು.


ಸಂಡೇ ಸ್ಕೂಲ್ ಟೀಚರ್
ಅದೇ ದಿನ, ರಾತ್ರಿ 9.00

ನನ್ನ ಬಳಿ ಎರಡು ಚಾಪೆಗಳಿವೆ, ದೊಡ್ಡವು, ನಾಲ್ಕು ಮಕ್ಕಳು ಕೂರಬಹುದು. ಸಮಿತಿಯನ್ನು ಕಾಯಬೇಡಿ. ಬರುವ ಶನಿವಾರ ಸಿಲ್ಕ್ ಬೋರ್ಡ್ ಕಡೆ ಕೆಲಸವಿದೆ, ಹತ್ತಿರದ ಯಾವ ಮೆಟ್ರೊ ನಿಲ್ದಾಣದಲ್ಲಿ ಕೊಡಲಿ ಹೇಳಿ.